ಪುಟ್ಟ ಹೊಟ್ಟೆಯಲ್ಲಿ ನೀರಿನ ಚೀಲ

ಮಗುವಿನ ಹೊಟ್ಟೆ ದಿನೇ ದಿನೇ ಮುಂದೆ ಬರುತ್ತದೆ. ಜ್ವರವಿಲ್ಲ, ಆಟಕ್ಕೂ ಕೊರತೆಯಿಲ್ಲ. ಜಂತುಹುಳುವಿರಬೇಕೆಂದು ಅಜ್ಜಿ ಔಷಧಿ ಕುಡಿಸುತ್ತಾರೆ. ಕೊನೆಗೊಮ್ಮೆ ಸ್ಕ್ಯಾನ್ ಮಾಡಿಸಿದಾಗ ಕಾಣುವುದು ತೆಳುಗೋಡೆಯ ನೀರುಗುಳ್ಳೆ, ಅಂದರೆ ಸಿಸ್ಟ್.

ಕರುಳನ್ನು ಬೆನ್ನಿನ ಭಾಗಕ್ಕೆ ಹಿಡಿದಿಡುವ ಪೊರೆ ಮೆಸೆಂಟರಿ. ಕರುಳಿನ ಮುಂದೆ ಸೆರಗಿನಂತೆ ಇಳಿಬಿದ್ದಿರುವುದು ಓಮೆಂಟಮ್. ಹುಟ್ಟಿನಿಂದಲೇ ಅಲ್ಲಿನ ದುಗ್ಧನಾಳಗಳ (ಲಿಂಫ್ ನಾಳಗಳ) ಬೆಳವಣಿಗೆ ಹದತಪ್ಪಿದರೆ ದ್ರವ ತುಂಬಿ ಗುಳ್ಳೆಯಾಗುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಆಸ್ಪತ್ರೆಗೆ ದಾಖಲಾಗುವ ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಇದು ಇರಬಹುದು. ಕ್ಯಾನ್ಸರ್ ಅಲ್ಲ.

ಪತ್ತೆಹಚ್ಚುವುದೇ ಕಷ್ಟ. ದೊಡ್ಡ ಓಮೆಂಟಲ್ ಸಿಸ್ಟ್ ಇಡೀ ಹೊಟ್ಟೆ ತುಂಬಿಕೊಂಡರೆ ಜಲೋದರದಂತೆಯೇ ತೋರುತ್ತದೆ. ಕ್ಷಯ ವ್ಯಾಪಕವಾಗಿರುವ ನಮ್ಮಲ್ಲಿ, ಹೊಟ್ಟೆಯ ಕ್ಷಯದಿಂದ ನೀರು ತುಂಬಿದೆಯೆಂದು ತಿಳಿದು ಇಂಥ ಮಕ್ಕಳಿಗೆ ಟಿ.ಬಿ. ಮಾತ್ರೆ ಕೊಟ್ಟ ಪ್ರಕರಣಗಳೂ ಇವೆ. ಸ್ಕ್ಯಾನಿನಲ್ಲಿ ಸೂಕ್ಷ್ಮ ಸುಳಿವೊಂದಿದೆ: ಜಲೋದರದ ನೀರಿನಲ್ಲಿ ಕರುಳು ತೇಲಾಡುತ್ತದೆ, ಸಿಸ್ಟ್ ಇದ್ದರೆ ಅದು ಕರುಳನ್ನು ಪಕ್ಕಕ್ಕೆ ಒತ್ತರಿಸಿರುತ್ತದೆ. ಒಳಗೆ ತೆಳು ಅಡ್ಡಗೋಡೆಗಳೂ ಕಾಣಬಹುದು.

ಸೂಜಿಯಿಂದ ನೀರು ತೆಗೆದರಾಯಿತಲ್ಲ ಎಂದು ಪೋಷಕರು ಕೇಳುವುದು ಸಹಜ. ಆದರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ರಕ್ತಸ್ರಾವ, ಸೋಂಕು, ಎಲ್ಲಕ್ಕಿಂತ ಅಪಾಯಕಾರಿಯಾಗಿ ಕರುಳು ತಿರುಚಿಕೊಳ್ಳುವ ಭಯ. ಹಸಿರು ವಾಂತಿ ಶುರುವಾದರೆ ತಡಮಾಡುವಂತಿಲ್ಲ.

ಹಾಗಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಪ್ಯಾರಿಸ್ಸಿನ ಶಸ್ತ್ರವೈದ್ಯ ಟಿಯೋ 1880ರಲ್ಲಿ ಮೆಸೆಂಟರಿಯ ಸಿಸ್ಟನ್ನು ಯಶಸ್ವಿಯಾಗಿ ತೆಗೆದರು. ಸಿಸ್ಟನ್ನು ಪೂರ್ತಿ ತೆಗೆಯಬೇಕೆಂಬುದೇ ಇಂದಿನ ನಿಯಮ. ಓಮೆಂಟಮ್‌ನದಾದರೆ ಸಲೀಸು. ಮೆಸೆಂಟರಿಯದು ಕರುಳಿನ ರಕ್ತನಾಳಗಳಿಗೇ ಅಂಟಿಕೊಂಡಿದ್ದರೆ, ಅಷ್ಟು ಕರುಳನ್ನೂ ಕತ್ತರಿಸಿ ತುದಿಗಳನ್ನು ಹೊಲಿಯಬೇಕಾಗುತ್ತದೆ. ಈಗ ಎಷ್ಟೋ ಕಡೆ ಇದನ್ನು ಲ್ಯಾಪರೊಸ್ಕೋಪಿಯಲ್ಲೇ ಮಾಡುತ್ತಾರೆ: ದ್ರವ ಹೀರಿ ಗುಳ್ಳೆಯನ್ನು ಕುಗ್ಗಿಸಿ, ಹೊಕ್ಕುಳಿನ ಸಣ್ಣ ರಂಧ್ರದಿಂದಲೇ ಹೊರಗೆಳೆಯುತ್ತಾರೆ. ಪೂರ್ತಿ ತೆಗೆದ ಮೇಲೆ ಮರುಕಳಿಸುವುದು ಅಪರೂಪ.