ಗೆದ್ದು ಸೋಲದಿರುವ ಬಗೆ

ನಾಣ್ಯ, ಅಂಚೆಚೀಟಿ, ಅಪರೂಪದ ಪುಸ್ತಕಗಳ ಸಂಗ್ರಾಹಕರಿಗೆ ಅಂತರಜಾಲದ ಹರಾಜು ಹೊಸತೇನಲ್ಲ. ಪಿಯರ್ ಒಮಿಡ್ಯಾರ್ 1995ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಇ-ಬೇ ತಾಣವು ಮನೆಯಲ್ಲಿ ಕುಳಿತೇ ಸವಾಲು ಕೂಗುವ ಅಭ್ಯಾಸವನ್ನು ಜನಸಾಮಾನ್ಯರಿಗೆ ಹಿಡಿಸಿತು. ಆದರೆ ಸವಾಲಿನ ಬಿಸಿ ಏರಿದಂತೆ ವಿವೇಕ ಇಳಿಯುವುದು ಊರ ಚಾವಡಿಯ ಹರಾಜಿಗೂ ಗಣಕಯಂತ್ರದ ಹರಾಜಿಗೂ ಸಮಾನ. ಉಳಿತಾಯದ ಹಣ ಕರಗುವುದು ಆ ಕ್ಷಣದಲ್ಲೇ.

ಇ-ಬೇಯ ನಿಯಮ ಸರಳ. ಸವಾಲುದಾರನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ನಮೂದಿಸುತ್ತಾನೆ. ಅದನ್ನು ಗುಟ್ಟಾಗಿರಿಸಿ, ಯಂತ್ರವೇ ಅವನ ಪರವಾಗಿ ಅಗತ್ಯವಿದ್ದಷ್ಟು ಮಾತ್ರ ಸವಾಲನ್ನು ಏರಿಸುತ್ತದೆ. ಒಂದು ಹಳೆಯ ತಾಮ್ರದ ನಾಣ್ಯಕ್ಕೆ ನಿಮ್ಮ ಮಿತಿ 5,000 ರೂಪಾಯಿ ಎನ್ನೋಣ. ಎದುರಾಳಿ 3,200ಕ್ಕೆ ನಿಂತರೆ ನೀವು ತೆರುವುದು ಅದಕ್ಕಿಂತ ತುಸು ಹೆಚ್ಚು ಮಾತ್ರ. ಎರಡನೆಯ ಬೆಲೆಯನ್ನು ತೆರುವ ಇಂಥ ಹರಾಜಿನಲ್ಲಿ ಮನಸ್ಸಿನ ನಿಜವಾದ ಬೆಲೆಯನ್ನು ಹೇಳುವುದೇ ಲಾಭಕರವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ವಿಶೇಷವೆಂದರೆ, ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು 19ನೇ ಶತಮಾನದ ಕೊನೆಗೇ ಈ ಪದ್ಧತಿಯನ್ನು ಬಳಸುತ್ತಿದ್ದರು.

ಹಾಗಿದ್ದೂ ಅನುಭವಿಗಳು ಕೊನೆಯ ಕ್ಷಣದವರೆಗೆ ಕಾಯುವುದೇಕೆ? ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ 2002ರ ಅಧ್ಯಯನದಲ್ಲಿ ಇದನ್ನು ಪರಿಶೀಲಿಸಿದರು. ಬೇಗ ಸವಾಲು ಹಾಕಿದರೆ ಹಂತಹಂತವಾಗಿ ಏರಿಸುವವರು ಕೆರಳುತ್ತಾರೆ. ಅಲ್ಲದೆ, ತಜ್ಞನೊಬ್ಬ ಕೈಹಾಕಿದನೆಂದರೆ ವಸ್ತು ಅಸಲಿಯೆಂಬ ಸುಳಿವು ಉಳಿದವರಿಗೆ ಪುಕ್ಕಟೆಯಾಗಿ ದೊರೆಯುತ್ತದೆ. ಕೊನೆಗಳಿಗೆಯ ಸವಾಲು ಬಂದರೆ ಅವಧಿ ವಿಸ್ತರಿಸುತ್ತಿದ್ದ ಅಂದಿನ ಅಮೆಜಾನ್ ಹರಾಜುಗಳಲ್ಲಿ ಈ ಚಾಳಿ ಕಡಿಮೆಯಿತ್ತು. ಆದ್ದರಿಂದ ಮುಕ್ತಾಯದ ನಿಯಮವನ್ನು ಮೊದಲು ಓದಬೇಕು.

ಇನ್ನೊಂದು ಅಪಾಯ ‘ವಿಜೇತನ ಶಾಪ’. ವಸ್ತುವಿನ ಮಾರುಕಟ್ಟೆ ಮೌಲ್ಯ ಅನಿಶ್ಚಿತವಾಗಿದ್ದಾಗ, ಅದನ್ನು ಅತಿಯಾಗಿ ಅಂದಾಜಿಸಿದವನೇ ಗೆಲ್ಲುವ ಸಂಭವ ಹೆಚ್ಚು. ಚಿತ್ರ ಮಾತ್ರ ನೋಡಿ ಕೊಳ್ಳುವಾಗ ಈ ಸಂದೇಹಕ್ಕೆ ತಕ್ಕಷ್ಟು ಮಿತಿಯನ್ನು ತಗ್ಗಿಸಬೇಕು. ಸಾಗಣೆ ವೆಚ್ಚ, ದಲ್ಲಾಳಿ, ಸುಂಕಗಳನ್ನೂ ಅದರೊಳಗೇ ಸೇರಿಸಬೇಕು. ಮುಂದೆ ವಿದೇಶಕ್ಕೆ ಮಾರುವ ಲೆಕ್ಕಾಚಾರವೂ ಸಲ್ಲದು: 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ಖಾಸಗಿ ವ್ಯಕ್ತಿಗಳು ರಫ್ತು ಮಾಡುವಂತಿಲ್ಲ.

ಹರಾಜು ತೆರೆಯುವ ಮುನ್ನವೇ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟು, ಒಮ್ಮೆ ಮಾತ್ರ, ತಡವಾಗಿ ಸವಾಲು ಹಾಕುವುದು ಕ್ಷೇಮ. ಮಿತಿ ದಾಟಿದ ವಸ್ತುವನ್ನು ಬಿಟ್ಟುಕೊಡುವುದು ಸೋಲಲ್ಲ. ಆ ಹಣ ಮುಂದಿನ ಹರಾಜಿಗೆ ಉಳಿಯುತ್ತದೆ.