ಗುಂಡಿ ಒತ್ತಿದರೆ ಸಾಲದು

ಸುವರ್ಣಾ ನದಿಯ ದಡದ ಕೆಮ್ಮಣ್ಣಿನಿಂದ ಮಣಿಪಾಲ, ಕಾಪು, ಕಾರ್ಕಳಗಳವರೆಗೆ ಹಬ್ಬಿರುವ ಸೀಮೆಯಲ್ಲಿ ದೀಪಾವಳಿ ಕಳೆದು, ಆಟ-ಉತ್ಸವಗಳ ಕಾಲ ಮುಗಿಯುವ ದಿನವಾದ ಪತ್ತನಾಜೆ ಬರುವವರೆಗಿನ ತಿಂಗಳುಗಳು ವೇದಿಕೆಗಳಿಗೆ ಬಿಡುವಿಲ್ಲದ ಕಾಲ. ಬಯಲಾಟ, ಭಜನೆ, ಅತ್ತೂರು ಚರ್ಚಿನ ಹಬ್ಬವಾದ ಸಾಂತ್‌ಮಾರಿ, ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್, ಮಣಿಪಾಲದ ಕಾಲೇಜು ಉತ್ಸವ ಮುಂತಾದವು ಸ್ವರೂಪದಲ್ಲಿ ಒಂದಕ್ಕೊಂದು ದೂರವಾಗಿದ್ದರೂ, ವಿದ್ಯುತ್ ಶ್ರುತಿ ಪೆಟ್ಟಿಗೆಯೋ ಕೀಬೋರ್ಡೋ ರಿದಮ್ ಪ್ಯಾಡೋ ಲ್ಯಾಪ್‌ಟಾಪೋ ಇವುಗಳಲ್ಲಿ ಹೆಚ್ಚಿನವುಗಳ ವೇದಿಕೆಯ ಮೇಲೆ ಕಾಣಸಿಗುತ್ತದೆ. ಈ ಉಪಕರಣಗಳ ಗುಂಡಿಯನ್ನು ಒತ್ತಿದಾಗ ಯಾವ ಕೆಲಸ ಆಗಬೇಕು, ಯಾವ ಸ್ಥಿತಿಯಲ್ಲಿ ಆಗಬೇಕು ಎಂಬುದನ್ನು ಕಲಾವಿದನೇ ಬರೆದಿಡುವ ಸೌಲಭ್ಯ ಇಂದಿನ ಸಂಗೀತ ತಂತ್ರಾಂಶಗಳಲ್ಲಿದ್ದು, ಹಾಗೆ ಬರೆದ ಆದೇಶಗಳ ಸಾಲನ್ನು ಸ್ಕ್ರಿಪ್ಟ್ ಎಂದು ಕರೆಯಲಾಗುತ್ತದೆ. ಒತ್ತಿದಾಗ ಏನಾಗಬೇಕೆಂದು ಬರೆಯುವುದು ಸುಲಭ. ಒತ್ತಿದರೂ ಏನೂ ಆಗಬಾರದ ಗಳಿಗೆಗಳನ್ನು ಗುರುತಿಸಿ ಬರೆಯುವುದೇ ಕಷ್ಟ, ಮತ್ತು ಆ ಗಳಿಗೆಗಳನ್ನು ತಂತ್ರಜ್ಞರಿಗಿಂತ ಹಿಮ್ಮೇಳದವರು ಚೆನ್ನಾಗಿ ಬಲ್ಲರು.

ತರ್ಕದಿಂದ ಸ್ವಿಚ್ಚಿಗೆ

ಸ್ಕ್ರಿಪ್ಟಿನಲ್ಲಿ ಬರುವ ಷರತ್ತುಗಳಿಗೆ ಬೂಲಿಯನ್ ಷರತ್ತುಗಳೆಂಬ ಹೆಸರು ಬಂದದ್ದು ಇಂಗ್ಲೆಂಡಿನಲ್ಲಿ 1815ರಲ್ಲಿ ಹುಟ್ಟಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಜಾರ್ಜ್ ಬೂಲ್ ಅವರಿಂದ. ಮನುಷ್ಯನ ಆಲೋಚನೆಯ ನಿಯಮಗಳನ್ನು ಬೀಜಗಣಿತದಂತೆ ಬರೆಯಬಹುದೆಂದು 1854ರ ತಮ್ಮ ಗ್ರಂಥದಲ್ಲಿ ತೋರಿಸಿದ ಅವರ ಪದ್ಧತಿಯಲ್ಲಿ ಪ್ರತಿ ಹೇಳಿಕೆಗೂ ‘ಹೌದು’ ಅಥವಾ ‘ಇಲ್ಲ’ ಎಂಬ ಎರಡೇ ಬೆಲೆಗಳಿದ್ದು, ಇವನ್ನು 1 ಮತ್ತು 0 ಎಂಬ ಅಂಕಿಗಳಿಂದ ಸೂಚಿಸಲಾಗುತ್ತದೆ. ಎಂಟು ದಶಕಗಳ ಕಾಲ ಗಣಿತಜ್ಞರ ವಲಯದಲ್ಲೇ ಉಳಿದಿದ್ದ ಈ ವಿಚಾರವನ್ನು ಅಮೆರಿಕದ ಕ್ಲಾಡ್ ಶಾನನ್ ಅವರು 1937ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ವಿದ್ಯುತ್ ಸ್ವಿಚ್ಚುಗಳಿಗೆ ಅನ್ವಯಿಸಿದರು. ಎರಡು ಸ್ವಿಚ್ಚುಗಳನ್ನು ಒಂದರ ಮುಂದೊಂದು ಜೋಡಿಸಿದರೆ ಎರಡೂ ಮುಚ್ಚಿದಾಗ ಮಾತ್ರ ವಿದ್ಯುತ್ ಹರಿಯುವುದರಿಂದ ಅದು ‘ಮತ್ತು’ ಎಂಬ ಸಂಬಂಧ, ಪಕ್ಕಪಕ್ಕದಲ್ಲಿ ಜೋಡಿಸಿದರೆ ಯಾವುದೊಂದು ಮುಚ್ಚಿದರೂ ಹರಿಯುವುದರಿಂದ ಅದು ‘ಅಥವಾ’ ಎಂಬ ಸಂಬಂಧ ಎಂಬ ಅವರ ನಿರೂಪಣೆಯ ಮೇಲೆಯೇ ಇಂದಿನ ಗಣಕಯಂತ್ರದ ಕಟ್ಟಡ ನಿಂತಿದೆ.

ಕರ್ನಾಟಕದ ಸಂಗೀತಗಾರರಿಗೆ ಎಲೆಕ್ಟ್ರಾನಿಕ್ಸ್ ಹತ್ತಿರವಾದದ್ದು ಬೇರೊಂದು ದಾರಿಯಿಂದ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ವಾದಕರಾದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ವಿದ್ಯುತ್ ಶ್ರುತಿ ಪೆಟ್ಟಿಗೆಯನ್ನು ರೂಪಿಸಿ, ಮುಂದೆ ರಾಡೆಲ್ ಎಂಬ ಸಂಸ್ಥೆಯ ಮೂಲಕ ವಿದ್ಯುತ್ ತಂಬೂರಿಯನ್ನೂ ತಾಳದ ಉಪಕರಣಗಳನ್ನೂ ಮನೆಮನೆಗೆ ತಲುಪಿಸಿದರು. ಹೊರದೇಶಗಳಲ್ಲಿ ಅದೇ ಕಾಲಕ್ಕೆ ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಮಾತಾಡುವಂತೆ ಮಾಡುವ ಪ್ರಯತ್ನ ನಡೆದು, 1983ರಲ್ಲಿ ಮಿಡಿ ಎಂಬ ಸಮಾನ ಸಂಕೇತ ವ್ಯವಸ್ಥೆ ಜಾರಿಗೆ ಬಂದಿತು. ಮಿಡಿಯಲ್ಲಿ ಧ್ವನಿ ಹರಿಯುವುದಿಲ್ಲ. ಕೀಬೋರ್ಡಿನ ಯಾವ ಮನೆಯನ್ನು ಒತ್ತಲಾಯಿತು, ಎಷ್ಟು ಬಲದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ಸುದ್ದಿ ಮಾತ್ರ 0ಯಿಂದ 127ರವರೆಗಿನ ಅಂಕಿಗಳ ರೂಪದಲ್ಲಿ ಹರಿಯುತ್ತದೆ. ಈ ಸುದ್ದಿಯನ್ನು ಪಡೆದು, ಷರತ್ತಿಗೆ ಒಳಪಡಿಸಿ, ಬೇರೊಂದು ಕ್ರಿಯೆಯನ್ನಾಗಿ ಪರಿವರ್ತಿಸುವ ತಂತ್ರಾಂಶಗಳಲ್ಲಿ ಪ್ಯಾರಿಸ್ಸಿನ ಇರ್‌ಕಾಮ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಮಿಲ್ಲರ್ ಪಕೆಟ್ ಅವರು ಆರಂಭಿಸಿದ ಮ್ಯಾಕ್ಸ್ ಹಿರಿಯದು. ಅವರೇ 1990ರ ದಶಕದಲ್ಲಿ ರೂಪಿಸಿದ ಪ್ಯೂರ್ ಡೇಟಾ ಉಚಿತವಾಗಿ ದೊರೆಯುತ್ತದೆ. 2001ರಲ್ಲಿ ಬಂದ ಏಬಲ್‌ಟನ್ ಲೈವ್ ಮತ್ತು ಅದರ ನಂತರದ ಗಿಗ್ ಪರ್ಫಾರ್ಮರ್ ಮೊದಲಾದವು ವೇದಿಕೆಯ ಬಳಕೆಯನ್ನೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡಿವೆ.

ಒತ್ತುವುದು ಒಂದು, ಬಿಡುವುದು ಇನ್ನೊಂದು

ಗುಂಡಿಯ ತರ್ಕವನ್ನು ಬರೆಯಲು ಹೊರಟವರು ಮೊದಲು ಅರಿಯಬೇಕಾದದ್ದೇನೆಂದರೆ, ಯಂತ್ರದ ಮಟ್ಟಿಗೆ ಒಂದು ಒತ್ತು ಎಂಬುದು ಒತ್ತಿದ್ದು ಮತ್ತು ಬಿಟ್ಟದ್ದು ಎಂಬ ಎರಡು ಘಟನೆಗಳಿಂದಾದದ್ದು. ಏಬಲ್‌ಟನ್ ಲೈವ್‌ನಲ್ಲಿ ಧ್ವನಿಯ ತುಣುಕೊಂದನ್ನು ನುಡಿಸುವ ಗುಂಡಿಗೆ ನಾಲ್ಕು ಬಗೆಯ ನಡವಳಿಕೆಗಳನ್ನು ಕೊಡಲು ಸಾಧ್ಯವಿರುವುದು ಈ ಕಾರಣಕ್ಕೇ: ಟ್ರಿಗರ್ ಎಂಬ ಬಗೆಯಲ್ಲಿ ಒತ್ತಿದರೆ ಆರಂಭವಾಗುತ್ತದೆ, ಬಿಟ್ಟದ್ದು ಲೆಕ್ಕಕ್ಕಿಲ್ಲ; ಗೇಟ್‌ನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ನುಡಿದು ಬಿಟ್ಟೊಡನೆ ನಿಲ್ಲುತ್ತದೆ; ಟಾಗಲ್‌ನಲ್ಲಿ ಒಮ್ಮೆ ಒತ್ತಿದರೆ ಆರಂಭವಾಗಿ ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ; ರಿಪೀಟ್‌ನಲ್ಲಿ ಒತ್ತಿ ಹಿಡಿದಿರುವವರೆಗೆ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಇವುಗಳಲ್ಲಿ ಟಾಗಲ್ ನೋಡಲು ಅನುಕೂಲಕರವೆನಿಸಿದರೂ ವೇದಿಕೆಯ ಮೇಲೆ ಅಪಾಯಕಾರಿ, ಏಕೆಂದರೆ ಒತ್ತಿದರೆ ಏನಾಗುವುದೆಂಬುದು ಈಗ ಏನು ನಡೆಯುತ್ತಿದೆ ಎಂಬುದನ್ನು ಅವಲಂಬಿಸಿದೆ. ಗದ್ದಲದಲ್ಲಿ ಶ್ರುತಿ ಕೇಳಿಸದ ಕಲಾವಿದ ಅದು ನಿಂತಿದೆಯೆಂದು ಭಾವಿಸಿ ಗುಂಡಿ ಒತ್ತಿದರೆ ನಡೆಯುತ್ತಿದ್ದ ಶ್ರುತಿಯೇ ನಿಂತುಹೋಗುತ್ತದೆ. ‘ಆರಂಭಿಸು’ ಮತ್ತು ‘ನಿಲ್ಲಿಸು’ ಎಂದು ಎರಡು ಗುಂಡಿಗಳನ್ನು ಬೇರೆಯಾಗಿಟ್ಟರೆ, ಗಾಬರಿಯಲ್ಲಿ ಒಂದೇ ಗುಂಡಿಯನ್ನು ನಾಲ್ಕು ಬಾರಿ ಒತ್ತಿದರೂ ಫಲ ಒಂದೇ.

ಕಾಲಿನಿಂದ ಒತ್ತುವ ಪೆಡಲಿನಲ್ಲಿ ಇನ್ನೊಂದು ತೊಡಕಿದೆ. ಸ್ವರವನ್ನು ಎಳೆದು ನಿಲ್ಲಿಸುವ ಸಸ್ಟೇನ್ ಪೆಡಲಿಗೆ ಮಿಡಿಯಲ್ಲಿ 64 ಎಂಬ ಸಂಖ್ಯೆ ನಿಗದಿಯಾಗಿದ್ದು, ಅದರ ಬೆಲೆ 0ಯಿಂದ 63ರವರೆಗೆ ಇದ್ದರೆ ಬಿಟ್ಟಂತೆ, 64ರಿಂದ 127ರವರೆಗೆ ಇದ್ದರೆ ಒತ್ತಿದಂತೆ ಎಂಬುದು ನಿಯಮ. ಕೆಲವು ಪೆಡಲುಗಳು ನಡುವಿನ ಬೆಲೆಗಳನ್ನೂ ಒಂದರ ಹಿಂದೊಂದು ಕಳುಹಿಸುತ್ತವೆಯಾದ್ದರಿಂದ, ‘ಬೆಲೆ 64 ಅಥವಾ ಅದಕ್ಕಿಂತ ಹೆಚ್ಚಾದರೆ ಮುಂದಿನ ಹಾಡಿಗೆ ಹೋಗು’ ಎಂದು ಬರೆದ ಸ್ಕ್ರಿಪ್ಟ್ 70, 85, 110 ಎಂದು ಬೆಲೆ ಏರುತ್ತಾ ಹೋದಂತೆ ಒಂದೇ ತುಳಿತಕ್ಕೆ ಮೂರು ಹಾಡುಗಳನ್ನು ದಾಟಿಬಿಡುತ್ತದೆ. ‘ಹಿಂದಿನ ಬೆಲೆ 64ಕ್ಕಿಂತ ಕಡಿಮೆ ಇತ್ತು, ಮತ್ತು ಈಗಿನ ಬೆಲೆ 64 ಅಥವಾ ಅದಕ್ಕಿಂತ ಹೆಚ್ಚು’ ಎಂಬ ಜೋಡಿ ಷರತ್ತನ್ನು ಬರೆದರೆ ಗಡಿ ದಾಟಿದ ಕ್ಷಣ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕೀಬೋರ್ಡ್ ನುಡಿಸುವವರನ್ನು ಕಾಡುವ ‘ಸ್ವರ ಅಂಟಿಕೊಳ್ಳುವುದು’ ಎಂಬ ತೊಂದರೆಯ ಮೂಲವೂ ಇಲ್ಲೇ ಇದೆ. ಆರ್ಗನ್ ಧ್ವನಿಯಲ್ಲಿ ಮನೆಯೊಂದನ್ನು ಒತ್ತಿ ಹಿಡಿದಿರುವಾಗಲೇ ಗುಂಡಿ ಒತ್ತಿ ವಯಲಿನ್ ಧ್ವನಿಗೆ ಹೋದರೆ, ಬೆರಳೆತ್ತಿದ ಸುದ್ದಿ ಹೊಸ ಧ್ವನಿಗೆ ತಲುಪಿ ಹಳೆಯದು ನಿಲ್ಲದೆ ಮೊರೆಯುತ್ತಲೇ ಇರಬಹುದು. ಒತ್ತಿದ್ದು ಯಾವ ಧ್ವನಿಯಲ್ಲೋ ಬಿಟ್ಟ ಸುದ್ದಿಯೂ ಅದಕ್ಕೇ ಹೋಗಬೇಕೆಂಬ ಷರತ್ತನ್ನು ಸೇರಿಸುವುದೇ ಇದಕ್ಕೆ ಪರಿಹಾರ.

ಪದ್ಯ ಮತ್ತು ಚೆಂಡೆಯ ನಡುವೆ

ಷರತ್ತುಗಳ ಹೆಣಿಗೆಯನ್ನು ಅರಿಯಲು ಯಕ್ಷಗಾನದ ಹಿಮ್ಮೇಳಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಸಿಗಲಾರದು. ಭಾಗವತರ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡು, ಬಿಳಿ ನಾಲ್ಕು, ಬಿಳಿ ಐದು ಎಂದು ಹೇಳುವುದು ರೂಢಿ. ಒಂದೇ ಪ್ರಸಂಗದಲ್ಲಿ ಒಬ್ಬ ಭಾಗವತರಿಂದ ಇನ್ನೊಬ್ಬರಿಗೆ ಪದ್ಯ ದಾಟಿದಾಗ ಶ್ರುತಿಯೂ ಬದಲಾಗಬಹುದು, ಮತ್ತು ಆಗ ಆ ಶ್ರುತಿಗೆ ಹೊಂದಿಸಿಟ್ಟ ಬೇರೆ ಮದ್ದಳೆ ಕೈಗೆ ಬರಬೇಕಾಗುತ್ತದೆ. ಶ್ರುತಿಯು ಲ್ಯಾಪ್‌ಟಾಪಿನಿಂದ ನಡೆಯುತ್ತಿದ್ದು, ಒಂದು ಗುಂಡಿ ಒತ್ತಿದರೆ ಅದು ಬಿಳಿ ನಾಲ್ಕರಿಂದ ಬಿಳಿ ಐದಕ್ಕೆ ಏರಬೇಕೆಂದು ಭಾವಿಸಿದರೆ, ಮಿಡಿಯ ಲೆಕ್ಕದಲ್ಲಿ ಇದು 65ರಿಂದ 67ಕ್ಕೆ ಹೋಗುವ ಸರಳ ಕೆಲಸ. ಆದರೆ ಭಾಗವತರು ಪದ್ಯದ ನಡುವಿನಲ್ಲಿರುವಾಗ ಯಾರದೋ ಕೈತಾಗಿ ಶ್ರುತಿ ಬದಲಾದರೆ ಆಟವೇ ಕೆಟ್ಟಂತೆ.

ಆದ್ದರಿಂದ ಭಾಗವತರ ಮೈಕು ಮತ್ತು ಚೆಂಡೆಯ ಮೈಕುಗಳಿಂದ ಬರುವ ಧ್ವನಿಯ ಮಟ್ಟವನ್ನು ತಂತ್ರಾಂಶ ಗಮನಿಸುತ್ತಿದ್ದು, ‘ಪದ್ಯ ನಡೆಯುತ್ತಿದೆ’ ಮತ್ತು ‘ಚೆಂಡೆ ನಡೆಯುತ್ತಿದೆ’ ಎಂಬ ಎರಡು ಹೇಳಿಕೆಗಳಿಗೆ ಹೌದು ಅಥವಾ ಇಲ್ಲ ಎಂಬ ಬೆಲೆ ಕೊಡುತ್ತದೆ ಎಂದುಕೊಳ್ಳಬಹುದು. ಉಸಿರೆಳೆದುಕೊಳ್ಳುವ ಬಿಡುವನ್ನು ಪದ್ಯದ ಕೊನೆಯೆಂದು ತಪ್ಪು ತಿಳಿಯದಂತೆ, ಕೆಲವು ಸೆಕೆಂಡುಗಳ ಸತತ ಮೌನವಿದ್ದರೆ ಮಾತ್ರ ‘ಇಲ್ಲ’ ಎನ್ನುವ ವ್ಯವಸ್ಥೆಯೂ ಬೇಕು. ಎರಡು ಹೇಳಿಕೆಗಳಿಂದ ನಾಲ್ಕು ಸ್ಥಿತಿಗಳು ಏರ್ಪಡುತ್ತವೆ: ಪದ್ಯವೂ ಚೆಂಡೆಯೂ ಕೂಡಿರುವುದು, ಕಂದ, ವೃತ್ತ, ಭಾಮಿನಿಗಳಂತೆ ತಾಳವಿಲ್ಲದೆ ಪದ್ಯ ಮಾತ್ರ ಇರುವುದು, ಅಬ್ಬರದಂತೆ ಪದ್ಯವಿಲ್ಲದೆ ಚೆಂಡೆ ಮಾತ್ರ ಇರುವುದು, ಅರ್ಥಗಾರಿಕೆಯ ಹೊತ್ತಿನಂತೆ ಎರಡೂ ಇಲ್ಲದಿರುವುದು. ಶ್ರುತಿ ಬದಲಿಸಲು ತಕ್ಕದ್ದು ಕೊನೆಯ ಸ್ಥಿತಿ ಮಾತ್ರ.

ಇದನ್ನು ‘ಪದ್ಯವಿಲ್ಲ, ಮತ್ತು ಚೆಂಡೆಯಿಲ್ಲ’ ಎಂದು ಬರೆಯಬೇಕು; ‘ಪದ್ಯ ಅಥವಾ ಚೆಂಡೆ ಇದೆ ಎಂಬುದು ಸುಳ್ಳು’ ಎಂದು ಬರೆದರೂ ಅರ್ಥ ಅದೇ. ಆದರೆ ಅವಸರದಲ್ಲಿ ನಿಷೇಧವನ್ನು ಒಳಗೆ ತಂದು ‘ಪದ್ಯವಿಲ್ಲ, ಅಥವಾ ಚೆಂಡೆಯಿಲ್ಲ’ ಎಂದು ಬರೆದುಬಿಡುವುದು ಹೊಸಬರಲ್ಲಿ ಸಾಮಾನ್ಯ. ಆಗ ನಾಲ್ಕರಲ್ಲಿ ಮೂರು ಸ್ಥಿತಿಗಳಲ್ಲಿ ಗುಂಡಿ ಕೆಲಸ ಮಾಡತೊಡಗಿ, ಭಾಗವತರು ಚೆಂಡೆಯಿಲ್ಲದೆ ವೃತ್ತವನ್ನು ಎತ್ತಿಕೊಂಡಿರುವಾಗಲೂ ಶ್ರುತಿ ಜಾರಲು ಅವಕಾಶವಾಗುತ್ತದೆ. ನಿಷೇಧವನ್ನು ಆವರಣದ ಒಳಗೆ ತರುವಾಗ ‘ಅಥವಾ’ ಎಂಬುದು ‘ಮತ್ತು’ ಆಗಬೇಕೆಂಬ ಈ ನಿಯಮ ಬೂಲ್ ಅವರ ಸಮಕಾಲೀನರೂ ತಮಿಳುನಾಡಿನ ಮದುರೆಯಲ್ಲಿ ಹುಟ್ಟಿದವರೂ ಆದ ಆಗಸ್ಟಸ್ ಡಿ ಮಾರ್ಗನ್ ಅವರ ಹೆಸರಿನಲ್ಲಿದೆ. ತಾಲೀಮಿನಲ್ಲಿ ಚೆಂಡೆ ಮತ್ತು ಪದ್ಯ ಕೂಡಿಯೇ ಇರುವ ಭಾಗವನ್ನಷ್ಟೇ ಪರೀಕ್ಷಿಸಿದರೆ ತಪ್ಪು ಷರತ್ತೂ ಸರಿಯಾಗಿಯೇ ವರ್ತಿಸುವುದರಿಂದ, ಅದು ಬಯಲಿಗೆ ಬರುವುದು ಪ್ರೇಕ್ಷಕರ ಎದುರಿನಲ್ಲಿಯೇ.

ಹೊಸ ಮದ್ದಳೆ ಮದ್ದಳೆಗಾರನ ತೊಡೆಯ ಮೇಲೆ ಬಂದಿದೆಯೇ ಎಂಬ ಮೂರನೆಯ ಷರತ್ತು ಮಾತ್ರ ಮೈಕಿಗೆ ತಿಳಿಯುವಂಥದ್ದಲ್ಲ. ಇಂಥದ್ದನ್ನು ಅಳೆಯಲು ಇನ್ನೊಂದು ಯಂತ್ರವನ್ನು ತರುವುದಕ್ಕಿಂತ ಗುಂಡಿಯನ್ನೇ ಮದ್ದಳೆಗಾರನ ಕೈಗೆಟುಕುವಂತೆ ಇಟ್ಟರೆ ಅವನು ಒತ್ತಿದ್ದೇ ‘ಸಿದ್ಧ’ ಎಂಬುದರ ಸೂಚನೆಯಾಗುತ್ತದೆ. ಯಂತ್ರಕ್ಕೆ ಕೇಳಿಸುವುದನ್ನು ಸ್ಕ್ರಿಪ್ಟಿಗೂ ಮನುಷ್ಯನಿಗೆ ಮಾತ್ರ ಕಾಣುವುದನ್ನು ಬೆರಳಿಗೂ ಬಿಡುವ ಈ ಹಂಚಿಕೆ ಸರಿಯಾಗಿದ್ದರೆ ಸ್ಕ್ರಿಪ್ಟು ಚಿಕ್ಕದಾಗಿಯೇ ಉಳಿಯುತ್ತದೆ.

ತಾಳಕ್ಕಾಗಿ ಕಾಯುವ ಗುಂಡಿ

ಒತ್ತಿದೊಡನೆ ಕ್ರಿಯೆ ನಡೆಯದೆ ತಾಳದ ಮುಂದಿನ ಆರಂಭಕ್ಕಾಗಿ ಕಾಯುವಂತೆ ಮಾಡುವುದು ಸಂಗೀತ ತಂತ್ರಾಂಶಗಳ ಇನ್ನೊಂದು ವೈಶಿಷ್ಟ್ಯ. ತರ್ಕದ ಭಾಷೆಯಲ್ಲಿ ಇದು ‘ಗುಂಡಿ ಒತ್ತಲಾಗಿದೆ, ಮತ್ತು ಆವರ್ತ ಮುಗಿದಿದೆ’ ಎಂಬ ಜೋಡಿ ಷರತ್ತು. ಒತ್ತಿದ ಸುದ್ದಿಯನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯದು ನಿಜವಾದಾಗ ಕ್ರಿಯೆ ನಡೆಯುತ್ತದೆ. ನಾಲ್ಕು ಎಣಿಕೆಯ ಹಾಡುಗಳಿಗೆ ಇದು ಯಾವ ತೊಂದರೆಯೂ ಇಲ್ಲದೆ ಒದಗುತ್ತದೆ. ಆರು ಅಕ್ಷರದ ರೂಪಕವನ್ನೋ ಏಳರ ತ್ರಿವುಡೆಯನ್ನೋ ಹತ್ತರ ಝಂಪೆಯನ್ನೋ ಬಳಸುವವರು ಆವರ್ತದ ಉದ್ದವನ್ನು ತಾವೇ ಬದಲಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಝಂಪೆಯ ಮೂರನೆಯ ಅಕ್ಷರದಲ್ಲಿ ಒತ್ತಿದ ಗುಂಡಿ ಐದನೆಯ ಅಕ್ಷರಕ್ಕೆ ಎಚ್ಚೆತ್ತು ತಾಳವನ್ನು ಕೆಡಿಸುತ್ತದೆ.

ಆದರೆ ಲಯದ ಪ್ರಶ್ನೆ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ತಂತ್ರಾಂಶದ ಗಡಿಯಾರ ನಿಮಿಷಕ್ಕೆ ಇಷ್ಟು ಬಡಿತವೆಂದು ನಿಶ್ಚಲವಾಗಿ ಸಾಗುವಾಗ, ಯಕ್ಷಗಾನದ ಲಯವು ವೇಷಧಾರಿಯ ಕುಣಿತವನ್ನೂ ಸನ್ನಿವೇಶದ ಬಿಸಿಯನ್ನೂ ನೋಡಿಕೊಂಡು ಭಾಗವತರ ಕೈಯ ಜಾಗಟೆ ಅಥವಾ ತಾಳದಿಂದ ಏರಿಳಿಯುತ್ತದೆ. ಆ ಸದ್ದನ್ನು ಆಲಿಸಿ ಗಡಿಯಾರವನ್ನೇ ಅನುಸರಿಸುವಂತೆ ಮಾಡುವ ಸೌಲಭ್ಯಗಳು ಬಂದಿವೆಯಾದರೂ, ಮುಕ್ತಾಯಕ್ಕೆ ಕೈಮಾಡಿ ತೋರಿಸುವ ಭಾಗವತರ ಸನ್ನೆಯನ್ನು ಅವು ಅರಿಯಲಾರವು. ತಾಳವಾದ್ಯದ ಹೊಣೆಯನ್ನು ಕಲಾವಿದರ ಕೈಯಲ್ಲೇ ಉಳಿಸಿ, ಶ್ರುತಿ, ಬೆಳಕು, ಹಿನ್ನೆಲೆ ಧ್ವನಿಗಳಂಥ ಲಯಕ್ಕೆ ಬಿಗಿಯಾಗಿ ಅಂಟಿಕೊಳ್ಳದ ಕೆಲಸಗಳನ್ನು ಮಾತ್ರ ಗುಂಡಿಗೆ ಒಪ್ಪಿಸುವುದು ಸದ್ಯಕ್ಕೆ ವಿವೇಕದ ಮಾರ್ಗ.

ಬರೆಯಬೇಕಾದವರು ಯಾರು

ಸ್ಕ್ರಿಪ್ಟ್ ಬರೆಯುವುದೆಂದರೆ ಎಂಜಿನಿಯರಿಂಗ್ ಓದಿದವರ ಕೆಲಸವೆಂಬ ಭಾವನೆ ಸಾಮಾನ್ಯವಾಗಿದ್ದರೂ, ಅದರ ಸಂಕೇತಗಳನ್ನು ಕಲಿಯಲು ಹೆಚ್ಚು ಸಮಯ ಬೇಕಾಗುವುದಿಲ್ಲ. ಯಾವ ಸ್ಥಿತಿಯಲ್ಲಿ ಯಾವುದು ಸಲ್ಲದೆಂಬ ತಿಳಿವಳಿಕೆ ಮಾತ್ರ ವರ್ಷಗಳ ಒಡನಾಟದಿಂದ ಬರುವಂಥದ್ದು. ವೃತ್ತಕ್ಕೆ ಚೆಂಡೆಯಿರುವುದಿಲ್ಲವೆಂಬುದನ್ನು ಅರಿಯದ ನಿಪುಣ ತಂತ್ರಜ್ಞನ ಸ್ಕ್ರಿಪ್ಟಿಗಿಂತ ಅದನ್ನು ಅರಿತ ಮದ್ದಳೆಗಾರ ಕಾಗದದ ಮೇಲೆ ಬರೆದುಕೊಟ್ಟ ನಾಲ್ಕು ವಾಕ್ಯಗಳು ಹೆಚ್ಚು ಬೆಲೆಯುಳ್ಳವು. ಷರತ್ತುಗಳನ್ನು ಮೊದಲು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಪೂರ್ಣ ವಾಕ್ಯಗಳಾಗಿ ಬರೆದು, ಎರಡಿದ್ದರೆ 4, ಮೂರಿದ್ದರೆ 8, ನಾಲ್ಕಿದ್ದರೆ 16 ಎಂಬಂತೆ ಸ್ಥಿತಿಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಎದುರೂ ‘ಆಗಬೇಕು’ ಅಥವಾ ‘ಆಗಬಾರದು’ ಎಂದು ಗುರುತು ಹಾಕಿದ ನಂತರವಷ್ಟೇ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವುದು ಕ್ರಮ. ಪಟ್ಟಿ ಹದಿನಾರನ್ನು ಮೀರುತ್ತಿದ್ದರೆ ಒಂದೇ ಗುಂಡಿಯ ಮೇಲೆ ಹೊರೆ ಹೆಚ್ಚಾಯಿತೆಂದು ತಿಳಿದು ಅದನ್ನು ಎರಡಾಗಿಸಬೇಕು.

ಈ ನಿಯಮಗಳಿಗೆಲ್ಲ ಒಂದು ಅಪವಾದವಿದೆ. ನುಡಿಯುತ್ತಿರುವ ಸ್ವರಗಳನ್ನೆಲ್ಲ ಒಮ್ಮೆಗೇ ನಿಲ್ಲಿಸಲು ಮಿಡಿಯಲ್ಲಿ 123 ಎಂಬ ಸಂಖ್ಯೆಯ ಆದೇಶವಿದ್ದು, ಅದಕ್ಕೆ ಮೀಸಲಾದ ಗುಂಡಿಗೆ ಯಾವ ಷರತ್ತನ್ನೂ ಹಾಕಬಾರದು. ಉಳಿದೆಲ್ಲ ಲೆಕ್ಕ ತಪ್ಪಿದಾಗ ಬಳಕೆಗೆ ಬರುವುದು ಅದೇ ಆದ್ದರಿಂದ, ಅದು ಯಾರು, ಯಾವಾಗ ಒತ್ತಿದರೂ ಕೆಲಸ ಮಾಡಲೇಬೇಕು. ಸ್ಕ್ರಿಪ್ಟ್ ಬರೆಯಲು ತೊಡಗುವವರು ಮೊದಲು ಸಿದ್ಧಪಡಿಸಿ ಪರೀಕ್ಷಿಸಬೇಕಾದ ಗುಂಡಿಯೂ ಅದೇ.