ಸುಳಿಯೊಳಗಿನ ಹುಳು ಮತ್ತು ಸ್ಕೂಟಿ ಮೇಡಂ

ಎಲೆಯ ಫೋಟೊ ತೆಗೆದರೆ ಕೀಟದ ಹೆಸರು ಹೇಳುವ ಆ್ಯಪ್‌, ನಮ್ಮ ಬಿ.ಇ. ತಂಡದ ಮಿನಿ ಪ್ರಾಜೆಕ್ಟ್. ಅದನ್ನು ಪರೀಕ್ಷಿಸಲು ರಜೆಯಲ್ಲಿ ದಾವಣಗೆರೆ ಕಡೆಯ ನಮ್ಮೂರಿಗೆ ಹೋದವನು, ರೈತ ಸಂಪರ್ಕ ಕೇಂದ್ರದ ಸಹಾಯಕ ಕೃಷಿ ಅಧಿಕಾರಿಯ ಜೊತೆ ಸುತ್ತಿದೆ. ಬಿ.ಎಸ್ಸಿ (ಕೃಷಿ) ಓದಿ, ಕೆಪಿಎಸ್‌ಸಿ ಪರೀಕ್ಷೆ ಬರೆದು ಬಂದವರು. ಊರಿನವರಿಗೆ ಮಾತ್ರ ‘ಸ್ಕೂಟಿ ಮೇಡಂ’.

ಬೆಳಿಗ್ಗೆಯೆಲ್ಲ ಬಿತ್ತನೆ ಬೀಜದ ಸಾಲು, ಪಹಣಿ, ಆಧಾರ್, ಬಾರದ ಒಟಿಪಿ. ಹೊಲಕ್ಕೆ ಹೊರಟಾಗ ಮಧ್ಯಾಹ್ನ.

ಅಜ್ಜರೊಬ್ಬರ ಮೆಕ್ಕೆಜೋಳದ ಎಲೆಗಳು ಜರಡಿಯಂತಾಗಿದ್ದವು. ನನ್ನ ಆ್ಯಪ್‌ ತಕ್ಷಣ ‘ಫಾಲ್ ಆರ್ಮಿವರ್ಮ್’ ಎಂದಿತು. ‘ಹೆಸ್ರು ತಗಂಡು ಏನ್ ಮಾಡ್ಲಿ ತಮ್ಮಾ? ಹುಳ ನಂಗೂ ಕಾಣ್ತೈತಿ’ ಎಂದರು ಅಜ್ಜ. ಅಂಗಡಿಯಿಂದ ಉದ್ರಿ ತಂದ ಔಷಧಿಯನ್ನು ಎರಡು ಸಲ ಹೊಡೆದಿದ್ದರು, ಅದೂ ಮಟಮಟ ಮಧ್ಯಾಹ್ನ, ಎಲೆಯ ಮೇಲೆ.

ಮೇಡಂ ಕುಕ್ಕರಗಾಲಲ್ಲಿ ಕೂತು ಒಂದು ಸುಳಿ ಬಿಡಿಸಿದರು. ಮರದ ಹೊಟ್ಟಿನಂಥ ಹಿಕ್ಕೆ, ಅದರಡಿ ಹುಳು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ‘ಹಗಲೊತ್ತು ಇದು ಒಳಗೇ ಇರುತ್ತೆ ಅಜ್ಜಾ. ಸಂಜೆ ಸುಳಿಗೇ ಬೀಳೋ ಹಾಗೆ ಹೊಡೀಬೇಕು. ಬಲಿತ ಹುಳಕ್ಕೆ ವಿಷಪಾಷಾಣ ಹಾಕಿ’ ಎಂದರು. 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, ಎರಡು–ಮೂರು ಲೀಟರ್ ನೀರು ಕಲಸಿ 24 ಗಂಟೆ ಇಟ್ಟು, ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಕೈಗವಸು ತೊಟ್ಟು ಸುಳಿಗೆ ಉದುರಿಸುವುದು. ದನಕರು ಆ ಕಡೆ ಸುಳಿಯಬಾರದು. ನಮ್ಮ ಆ್ಯಪ್‌ನಲ್ಲಿ ತೌಡು–ಬೆಲ್ಲಕ್ಕೆ ಜಾಗವೇ ಇರಲಿಲ್ಲ!

ಭಾರತದಲ್ಲಿ ಈ ಹುಳು ಮೊದಲು ಪತ್ತೆಯಾದದ್ದು ಪಕ್ಕದ ಶಿವಮೊಗ್ಗದಲ್ಲೇ, 2018ರ ಮೇನಲ್ಲಿ. ‘ಆಗ ನಾವೂ ರೈತರ ಜೊತೆಗೇ ಕಲಿತ್ವಿ’ ಎಂದರು ಮೇಡಂ. ಹಾಗಾದರೆ ಜನ ಅಂಗಡಿಯವರ ಮಾತನ್ನೇ ಏಕೆ ಕೇಳುತ್ತಾರೆ? ‘ಅಂಗಡಿ ಉದ್ರಿ ಕೊಡುತ್ತೆ. ನಾನು ಬರೀ ಮಾತು ಕೊಡ್ತೀನಿ.’ ಹಳೇ ಬಾಕಿ ಇದ್ದವರು ಅಂಗಡಿಯವರು ಕೊಟ್ಟ ಡಬ್ಬಿಯನ್ನು ಬೇಡ ಅನ್ನುವುದು ಹೇಗೆ? ಈ ಪ್ರಶ್ನೆ ನಮ್ಮ ಪ್ರಾಜೆಕ್ಟ್ ವರದಿಯ ಯಾವ ಅಧ್ಯಾಯದಲ್ಲೂ ಇಲ್ಲ.

ವಾರದ ನಂತರ ಅದೇ ಹೊಲಕ್ಕೆ ಹೋದೆವು. ಅಜ್ಜ ಅರ್ಧ ಹೊಲಕ್ಕೆ ಮಾತ್ರ ಪಾಷಾಣ ಹಾಕಿದ್ದರು, ಉಳಿದರ್ಧಕ್ಕೆ ಮತ್ತೆ ಅಂಗಡಿ ಔಷಧಿ. ‘ಪೂರಾ ನಿಮ್ ಮಾತಿಗೇ ಬಿಟ್ರೆ ಹೆಂಗೆ ಮೇಡಂ?’ ಎಂದು ನಕ್ಕರು. ನನಗೆ ಸಿಟ್ಟು ಬಂತು. ಮೇಡಂಗೆ ಖುಷಿಯೇ ಆದಂತಿತ್ತು. ‘ಎರಡೂ ಕಡೆ ಹತ್ತತ್ತು ಗಿಡ ಎಣಿಸು’ ಎಂದರು. ಅಂಗಡಿ ಔಷಧಿಯ ಕಡೆ ಆರು ಗಿಡಗಳ ಸುಳಿಯಲ್ಲಿ ಹಸಿ ಹಿಕ್ಕೆ, ಪಾಷಾಣದ ಕಡೆ ಎರಡರಲ್ಲಿ. ಅಜ್ಜ ನನ್ನ ಲೆಕ್ಕ ನಂಬಲಿಲ್ಲ. ಪಂಚೆ ಎತ್ತಿ ಕಟ್ಟಿ, ತಾವೇ ಎಣಿಸಲು ಸಾಲಿಗಿಳಿದರು.